ನಮ್ಮ ‘ಊರಿ’ಗೆ ಇರಾಕಿನ ಸರ್ಟಿಫಿಕೇಟು ಯಾಕೆ?



ಜೆ.ಪಿ. ನಗರದ ನನ್ನ ಪ್ರೆಸ್ಸಿಗೆ ರಾಜ್ಯೋತ್ಸವದ ಹೊತ್ತಲ್ಲಿ ನಾಲ್ಕು ಹುಡುಗರು ಕರಪತ್ರ ತಂದರು. ‘ಇರಾಕಿನ ಊರ್ ನಗರಕ್ಕೆ ಹೆಸರಿಟ್ಟವನು ಕನ್ನಡಿಗ!’ ಸಾವಿರ ಪ್ರತಿ ಬೇಕಂತೆ. ನಾನು ಅಚ್ಚು ಹಾಕಲಿಲ್ಲ. ‘ಕನ್ನಡ ದ್ರೋಹಿ’ ಅಂದು ಹೋದರು. ಅವರಿಗೆ ನನ್ನ ಉತ್ತರ ಇದು. ನೀವೂ ಓದಿ.

ಊರ್ ನಗರ ಇದ್ದದ್ದು ನಿಜ. 1922ರಿಂದ 1934ರವರೆಗೆ ಲಿಯೊನಾರ್ಡ್ ವೂಲಿ ಅದನ್ನು ಅಗೆಸಿದ. ಅಲ್ಲಿನ ಸುಮೇರಿಯನ್ ಭಾಷೆಯಲ್ಲಿ ಅದರ ಹೆಸರು ‘ಉರಿಮ್’. ಪಟ್ಟಣಕ್ಕೆ ಅವರು ‘ಉರು’ ಅನ್ನುತ್ತಿದ್ದದ್ದೂ ನಿಜ. ಆದರೆ ನಾಯಿಗೆ ‘ಉರ್’ ಅನ್ನುತ್ತಿದ್ದರು! ಅದನ್ನೇಕೆ ಕರಪತ್ರದಲ್ಲಿ ಬರೆಯಲಿಲ್ಲ?

ದನಿ ಒಂದಾದರೆ ನೆಂಟಸ್ತಿಕೆ ಆಗೋದಿಲ್ಲ. ಜರ್ಮನ್ನರ ‘ಊರ್’ ಗಡಿಯಾರ. ಹಂಗೇರಿಯವರ ‘ಊರ್’ ಯಜಮಾನ. ತುರ್ಕಿಯವರ ‘ಉರ್’ ಮೈಮೇಲಿನ ಗಡ್ಡೆ. ಸ್ಪೇನಿನ ಬಾಸ್ಕ್ ಜನರ ‘ಉರ್’ ನೀರು. ಅಷ್ಟು ದೂರ ಯಾಕೆ? ಸಂಸ್ಕೃತದ ‘ಊರು’ ಅಂದರೆ ತೊಡೆ. ಊರುಭಂಗದಲ್ಲಿ ಯಾರ ಊರೂ ಹಾಳಾಗಲಿಲ್ಲ, ಮುರಿದದ್ದು ದುರ್ಯೋಧನನ ತೊಡೆ! ಬಾಯಲ್ಲಿ ಹೊರಡುವ ದನಿಗಳು ಕೆಲವೇ, ಭಾಷೆಗಳು ಸಾವಿರಾರು. ಸಣ್ಣ ಪದಗಳು ಡಿಕ್ಕಿ ಹೊಡೆಯದೆ ಇರುತ್ತವೆಯೇ?

ನಿಜವಾದ ನೆಂಟರು ಪಕ್ಕದಲ್ಲೇ ಇದ್ದಾರೆ. ತಮಿಳು, ಮಲಯಾಳಂನಲ್ಲಿ ‘ಊರ್’, ತೆಲುಗು, ತುಳುವಿನಲ್ಲಿ ‘ಊರು’. ಇದೊಂದೇ ಪದವಲ್ಲ. ನಮ್ಮ ಕಿವಿ ತೆಲುಗಿನಲ್ಲಿ ಚೆವಿ, ನಮ್ಮ ಕೆರೆ ಚೆರುವು. ಹೀಗೆ ಪದದಿಂದ ಪದಕ್ಕೆ ಒಂದು ಕ್ರಮ ಇರುವುದೇ ರಕ್ತಸಂಬಂಧದ ಗುರುತು. ಸುಮೇರಿಯನ್ನಿನ ಜೊತೆ ಅಂಥ ಕ್ರಮವನ್ನು ಯಾರೂ ತೋರಿಸಿಲ್ಲ.

ಹಳಮೆ ಬೇಕೇ? ಬೇಗೂರಿಗೆ ಹೋಗಿ. ಅಲ್ಲಿನ ಸುಮಾರು ಕ್ರಿ.ಶ. 890ರ ಗಂಗರ ಕಾಲದ ಶಾಸನದಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಬೆಂದಕಾಳಿನ ಕಥೆಯ ವೀರಬಲ್ಲಾಳನಿಗಿಂತ ಸುಮಾರು 300 ವರ್ಷ ಹಿಂದಿನ ಕಲ್ಲು! ಅಂದೇ ನಮ್ಮ ಹೆಸರಿನಲ್ಲಿ ‘ಊರು’ ಇತ್ತು.

ಆ ಊರನ್ನು ‘ಲೋರ್’ ಮಾಡಿದವರು ಇಂಗ್ಲಿಷರು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಬೆಂಗಳೂರು ಎಂದೇ ಅಧಿಕೃತ. ಆದರೂ ನಮ್ಮ ಬಡಾವಣೆಯ ಬೋರ್ಡುಗಳಲ್ಲಿ ‘ಬ್ಯಾಂಗಲೋರ್’ ಹಾಯಾಗಿ ಕೂತಿದೆ. ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂದು 2024ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಅದನ್ನು ಕೇಳಲು ಹೋಗುವ ನಿಮ್ಮ ಕೈಯಲ್ಲಿ ಸುಳ್ಳು ಕರಪತ್ರ ಇದ್ದರೆ ಅಂಗಡಿಯವನು ನಗುತ್ತಾನೆ. ನಾಳೆ ಬೇಗೂರಿನ ನಿಜ ಹೇಳಿದರೂ ನಗುತ್ತಾನೆ. ನಷ್ಟ ಯಾರಿಗೆ?

ಕನ್ನಡದಲ್ಲಿ ‘ಊರು’ ಅಂದರೆ ನೆಡು ಅಂತಲೂ ಅರ್ಥ. ಕಾಲೂರುವುದಾದರೆ ಬೇಗೂರಿನ ನೆಲದಲ್ಲಿ ಊರಿ, ಇರಾಕಿನ ಮರಳಲ್ಲಿ ಬೇಡ.

ಆ ಹುಡುಗರು ಮತ್ತೆ ಬರಲಿ. ನಿಜ ಬರೆದು ತಂದರೆ ಸಾವಿರ ಪ್ರತಿ ಬಿಟ್ಟಿ ಅಚ್ಚು ಹಾಕಿಕೊಡುತ್ತೇನೆ!