ಅವ್ವನ ಮದುವೆಗೆ ನಿಮ್ಮ ಅಪ್ಪಣೆ ಯಾಕೆ ಬೇಕು?



ಮೊನ್ನೆ ನಮ್ಮ ಜೊತೆಗೇ ಹೋರಾಟದಲ್ಲಿರೋ ತಮ್ಮನೊಬ್ಬ ಫೋನ್ ಮಾಡಿ ಅತ್ತ. ಅವರಪ್ಪ ತೀರಿಕೊಂಡು ಒಂಬತ್ತು ವರ್ಷ. ಗಾರ್ಮೆಂಟ್ಸ್‌ನಲ್ಲಿ ದುಡಿದು ಇವನನ್ನು ಓದಿಸಿದ ಅವ್ವ ಈಗ, ಹೆಂಡತಿ ಕಳಕೊಂಡ ಒಬ್ಬರನ್ನು ಇಷ್ಟಪಟ್ಟಿದ್ದಾರೆ, ಮದುವೆ ಆಗ್ತೀನಿ ಅಂದಿದ್ದಾರೆ. "ಕೇರೀಲಿ ತಲೆ ಎತ್ತೋ ಹಂಗಿಲ್ಲ ಕಣಣ್ಣ, ಮರ್ಯಾದೆ ಹೋಯ್ತು" ಅಂದ.

ಇವನು ಅಂತರ್ಜಾತಿ ಮದುವೆಗಳಿಗೆ ಸಾಕ್ಷಿ ಸಹಿ ಹಾಕಿದವನು. ಮರ್ಯಾದೆಗೇಡು ಹತ್ಯೆಗಳ ವಿರುದ್ಧ ಬೀದೀಲಿ ಕೂಗಿದವನು. ಅವ್ವನ ವಿಷಯಕ್ಕೆ ಬಂದ ತಕ್ಷಣ ಅದೇ 'ಮರ್ಯಾದೆ' ಇವನ ಬಾಯಲ್ಲಿ!

ಈ ಮರ್ಯಾದೆ ಎಲ್ಲಿಂದ ಬಂತು ಅಂತ ಬಾಬಾಸಾಹೇಬರು 1916ರಲ್ಲೇ, ಕೊಲಂಬಿಯಾದಲ್ಲಿ ಓದಿದ ಪ್ರಬಂಧದಲ್ಲಿ ಬಿಡಿಸಿಟ್ಟಿದ್ದಾರೆ. ಗಂಡ ಸತ್ತ ಹೆಣ್ಣು ಜಾತಿಗೆ ಒಂದು 'ಹೆಚ್ಚುವರಿ' ಲೆಕ್ಕ. ಅವಳು ಜಾತಿಯ ಬೇಲಿ ದಾಟಬಾರದು. ಅದಕ್ಕೇ ಸುಡು, ಇಲ್ಲಾ ಬದುಕಿರೋವರೆಗೂ ವಿಧವೆಯಾಗಿ ಕೂರಿಸು. ಹೆಂಡತಿ ಸತ್ತ ಗಂಡಿಗೆ ಮಾತ್ರ ಎಳೇ ಹುಡುಗಿ. ಮೇಲಿನವರದ್ದನ್ನು ನೋಡಿ ಕೆಳಗಿನವರೂ ಅನುಕರಿಸಿದರು ಅಂತಲೂ ಅವರೇ ಹೇಳಿದ್ದಾರೆ.

ನಮ್ಮ ಅಜ್ಜಿಯರ ಕಾಲದಲ್ಲಿ ಉಡಿಕೆ ಇತ್ತು, ಕೂಡಾವಳಿ ಇತ್ತು. ಅದೇನೂ ಸ್ವರ್ಗ ಅಲ್ಲ. ಉಡಿಕೆಯಾದವಳನ್ನು ಶುಭಕಾರ್ಯಕ್ಕೆ ಮುಂದೆ ಬಿಡ್ತಿರಲಿಲ್ಲ. ಆದರೂ ಬಾಗಿಲು ತೆರೆದಿತ್ತು. ನಾವು ನಾಲ್ಕಕ್ಷರ ಕಲಿತು ಆ ಬಾಗಿಲಿಗೆ ಬೀಗ ಹಾಕಿದ್ದೀವಿ. ಇದನ್ನು ಪ್ರಗತಿ ಅಂತೀರಾ?

ರಮಾಬಾಯಿ ತೀರಿಕೊಂಡಿದ್ದು 1935ರಲ್ಲಿ. 1948ರಲ್ಲಿ, 57ನೇ ವಯಸ್ಸಿನಲ್ಲಿ, ಬೆಳೆದ ಮಗ ಇದ್ದಾಗಲೇ, ಬಾಬಾಸಾಹೇಬರು ಡಾಕ್ಟರ್ ಸವಿತಾ ಅವರನ್ನು ಮದುವೆಯಾದರು. ರಮಾಯಿಯನ್ನು ಮರೆತು ಅಲ್ಲ. ಕಾಯಿಲೆಯ ದೇಹಕ್ಕೆ, ಒಂಟಿ ಜೀವಕ್ಕೆ ಆಸರೆ ಬೇಕಿತ್ತು. ಅಪ್ಪನಿಗೆ ಬೇಕಾದ ಆಸರೆ ಅವ್ವನಿಗೆ ಬೇಡವಾ? ಅವಳ ತೋಳು ಮಾತ್ರ ಬೇಕು, ಮನಸ್ಸು ಬೇಡ, ಅಲ್ವಾ?

ಸರ್ಕಾರವೂ ಅಷ್ಟೇ. ಮರುಮದುವೆಯಾದರೆ ವಿಧವಾ ವೇತನ ನಿಲ್ಲಿಸುತ್ತೆ. ಕೂಲಿ ಮಾಡೋಳಿಗೆ ಆ ದುಡ್ಡೂ ದೊಡ್ಡದೇ. ಅದನ್ನೂ ಬಿಟ್ಟು ಹೊರಟಿದ್ದಾಳೆ ಅಂದ್ರೆ ಅವಳ ಧೈರ್ಯ ಎಷ್ಟಿರಬೇಕು?

ಆ ತಮ್ಮನಿಗೆ ಇಷ್ಟೇ ಹೇಳಿದೆ: "ಅವ್ವ ನಿನ್ನ ಅಪ್ಪಣೆ ಕೇಳಿಲ್ಲ ಕಣೋ, ವಿಷಯ ತಿಳಿಸಿದ್ದಾಳೆ. ಬೇರೆಯವರ ಮದುವೆಗೆ ಹಾಕಿದ ಸಾಕ್ಷಿ ಸಹಿ ನಿಮ್ಮವ್ವನ ಮದುವೆಗೂ ಹಾಕು."

ಅವನು ಇನ್ನೂ ಉತ್ತರ ಕೊಟ್ಟಿಲ್ಲ. ನೀವು ಕೊಡ್ತೀರಾ?

ಜೈಭೀಮ್.