ಗರಡಿಯ ಮಣ್ಣೂ ಚೀನದ ವ್ಯಾಯಾಮವೂ

ಅಜ್ಜಂಪುರದ ಗೃಹಸ್ಥರೊಬ್ಬರು ಹೋದ ತಿಂಗಳು ತಮ್ಮ ಹದಿನೈದು ವರ್ಷದ ಮಗನೊಡನೆ ಕಡೂರಿನ ನಮ್ಮ ಮನೆಗೆ ದಯಮಾಡಿಸಿದ್ದರು. ಬಾಲಕನು ತಾಯ್ ಚಿ ಎಂಬ ಚೀನದೇಶದ ವ್ಯಾಯಾಮವನ್ನು ಚಲಚ್ಚಿತ್ರಗಳನ್ನು ನೋಡಿಯೇ ಕಲಿತು, ಅದರ ಒಂದು ಭಂಗಿಯಿಂದ ಸಹಪಾಠಿಯನ್ನು ಸಿಮೆಂಟಿನ ನೆಲದ ಮೇಲೆ ಕೆಡಹಿದನಂತೆ. ಬಿದ್ದವನು ಅಂಗೈ ಊರಿದನು; ಮಣಿಕಟ್ಟು ಮುರಿಯಿತು. ಈ ವಿದ್ಯೆಯನ್ನು ಮನೆಯಲ್ಲಿ ನಿಷೇಧಿಸಬೇಕೆ ಎಂಬುದು ತಂದೆಯ ಪ್ರಶ್ನೆ. "ಇಷ್ಟು ನಿಧಾನದ ಆಟಕ್ಕೆ ಅವನು ಬೀಳುತ್ತಾನೆಂದು ನನಗೆ ತಿಳಿದಿರಲಿಲ್ಲ, ಮೇಷ್ಟ್ರೇ" ಎಂದು ಮಗನು ತಲೆತಗ್ಗಿಸಿದನು.

ಆ ಭಂಗಿಯನ್ನು ಮಾಡಿ ತೋರಿಸೆಂದೆವು. ಚೀನರು ಅದನ್ನು ಕಾಡುಕುದುರೆಯ ಕೇಸರವನ್ನು ಬಗೆಯುವುದೆಂದು ಕರೆಯುತ್ತಾರೆ. ನೋಡುವುದಕ್ಕೆ ಕೇವಲ ಅಭಿನಯ: ಒಂದು ಕಾಲು ಮುಂದೆ, ಒಂದು ತೋಳು ಓರೆಯಾಗಿ ಮೇಲಕ್ಕೆ, ಬಳಿಕ ಸೊಂಟದ ತಿರುವು. ಆದರೆ ಆ ಕಾಲು ಎದುರಾಳಿಯ ಹಿಮ್ಮಡಿಯ ಹಿಂದೆ ನಿಂತು, ತೋಳು ಅವನ ಎದೆಗೆ ಅಡ್ಡಬಂದಿತೆನ್ನಿ. ಸೊಂಟ ತಿರುಗಿದೊಡನೆ ಅವನು ಬೀಳದೆ ಗತ್ಯಂತರವಿಲ್ಲ. ಹೊಸಿಲನ್ನು ಮರೆತು ಹಿಮ್ಮುಖವಾಗಿ ನಡೆದವನು ಬೀಳುವುದೂ ಇದೇ ನ್ಯಾಯದಿಂದ.

ಗದರಿಸುವುದನ್ನು ಬಿಟ್ಟು ಇಬ್ಬರನ್ನೂ ತರೀಕೆರೆಗೆ ಕರೆದೊಯ್ದೆವು. ಅಲ್ಲಿ ನಮ್ಮ ಹಳೆಯ ಶಿಷ್ಯರೊಬ್ಬರು ಎಳೆಯರಿಗೆ ಕುಸ್ತಿಯನ್ನು ಹೇಳಿಕೊಡುತ್ತಾರೆ. (ಶಿಷ್ಯನಿಗೆ ಬಹುವಚನವೇಕೆಂದು ವಾಚಕರು ಕೇಳಬಾರದು, ಅವರ ತೋಳುಗಳನ್ನು ಕಂಡರೆ ಅದು ತಾನಾಗಿಯೇ ಬರುತ್ತದೆ.) ಬಾಲಕನ ಭಂಗಿಯನ್ನು ನೋಡಿ ಅವರು ನಕ್ಕರು. "ಇಂಥದು ನಮ್ಮಲ್ಲಿಯೂ ಉಂಟು, ಗುರುಗಳೇ. ಆದರೆ ಎದುರಿಗಿರುವವನು ಕಂಬದಂತೆ ನಿಂತಿರುವನೆ?" ಎಂದು ತಮ್ಮ ಹುಡುಗನೊಬ್ಬನನ್ನು ಮಟ್ಟಿಗೆ ಇಳಿಸಿದರು.

ಐದು ಸಲ ಯತ್ನ. ಐದು ಸಲವೂ ಅಜ್ಜಂಪುರದವನೇ ಮಣ್ಣಿಗೆ. ಆ ಹುಡುಗನು ಕಾಲನ್ನು ಹಿಂದೆಗೆದು, ನೆಲಕ್ಕೆ ತಗ್ಗಿ, ಇವನ ತೊಡೆಯನ್ನೇ ಹಿಡಿದೆತ್ತುತ್ತಿದ್ದನು. ಐದನೆಯ ಸಲ ಬಿದ್ದಲ್ಲಿಂದಲೇ ನಮ್ಮ ಬಾಲಕನು, "ಇದು ಹಾವು ಇಳಿಯುವ ಭಂಗಿ! ನನಗೂ ಬರುತ್ತದೆ!" ಎಂದು ಕೂಗಿದನು. ತಾಯ್ ಚಿಯಲ್ಲಿ ಹಾಗೊಂದು ಭಂಗಿಯಿರುವುದು ನಿಜ. ದಿನವೂ ಮಾಡುತ್ತಿದ್ದುದರ ಅರ್ಥವು ಅವನಿಗೆ ತಾನು ಕೆಡಹಲ್ಪಟ್ಟಾಗ ಹೊಳೆಯಿತು! ಆರನೆಯ ಸಲ ಉಸ್ತಾದರು, "ಮೊದಲು ಅವನನ್ನು ನಿನ್ನ ಕಡೆಗೆ ಎಳೆ. ಅವನು ಹಿಂದಕ್ಕೆ ಜಗ್ಗುವಾಗ ಕಾಲಿಡು" ಎಂದರು. ಕುದುರೆಯ ಕೇಸರವು ಫಲಿಸಿತು.

ಚೀನದಲ್ಲಿಯೂ ತಾಯ್ ಚಿಯು ಒಂಟಿಯಾಗಿ ಮಾಡುವ ಭಂಗಿಗಳಿಗೇ ಮುಗಿಯುವುದಿಲ್ಲ. ಇಬ್ಬರು ಮುಂಗೈಗೆ ಮುಂಗೈ ತಗುಲಿಸಿ, ಒಬ್ಬರ ಭಾರ ಯಾವ ಕಡೆಗೆ ವಾಲುತ್ತಿದೆಯೆಂದು ಇನ್ನೊಬ್ಬರು ಅರಿತು ನೂಕುವ ಅಭ್ಯಾಸವೊಂದುಂಟು. ಸಾಂದಾ ಎಂಬ ಅವರ ಪಂದ್ಯದಲ್ಲಿ ಎದುರಾಳಿಯನ್ನು ಕೆಡಹುವುದಕ್ಕೆ ಅಂಕಗಳೂ ಉಂಟು. ನಮ್ಮವರಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಪ್ರಕರಣವೇ ಇದೆ. ಅರಸನಿಗೂ ಅದು ತಿಳಿದಿರಬೇಕಾದ ವಿಷಯವಾಗಿತ್ತು.

ನಿಷೇಧವು ಬೇಡವೆಂದು ತಂದೆಗೆ ಹೇಳಿದೆವು. ನಿಷೇಧಿಸಿದರೆ ಹುಡುಗನು ಶಾಲೆಯ ಜಗಲಿಯ ಮೇಲೆ ಮಾಡುತ್ತಾನೆ. ಗರಡಿಯಲ್ಲಿ ಮಣ್ಣನ್ನು ಅಗೆದು, ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿ ಮೃದುಗೊಳಿಸಿರುತ್ತಾರೆ. ಸಿಮೆಂಟಿಗೆ ಆ ಕರುಣೆಯಿಲ್ಲ.

ಈಗ ಅವನು ಪ್ರತಿ ಭಾನುವಾರ ತರೀಕೆರೆಗೆ ಹೋಗುತ್ತಾನೆ. ಸದ್ಯಕ್ಕೆ ಪಟ್ಟುಗಳಿಲ್ಲ, ಬೀಳುವುದೊಂದೇ ಪಾಠ: ಗದ್ದವನ್ನು ಎದೆಗೊತ್ತಿ, ಬೆನ್ನನ್ನು ದುಂಡಗೆ ಮಾಡಿ, ಅಂಗೈ ಊರದೆ. ಮಣಿಕಟ್ಟು ಮುರಿದ ಗೆಳೆಯನೂ ಪಟ್ಟಿ ಬಿಚ್ಚಿದ ಮೇಲೆ ಬರುವೆನೆನ್ನುತ್ತಾನಂತೆ. ಅವನ ತಾಯಿ ಇನ್ನೂ ಒಪ್ಪಿಲ್ಲ.