ಸೊಪ್ಪು ಒಲ್ಲದ ಮೊಲ

ಮಕ್ಕಳ ಕಾಟ ತಡೆಯಲಾರದೆ ಒಂದು ದಿನ ಮನೆಗೆ ಮೊಲ ಬರುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ಬಂದ ಆ ಹತ್ತಿಯುಂಡೆಗೆ ಸಂಜೆಯೊಳಗೆ ನಾಮಕರಣವೂ ಆಗಿರುತ್ತದೆ. ಮರುದಿನ ಸೊಪ್ಪಿನಾಕೆ ಬಾಗಿಲಿಗೆ ಬಂದಾಗ ಮನೆಯೊಡತಿ ಎಂದಿಗಿಂತ ಎರಡು ಕಟ್ಟು ಹೆಚ್ಚಿಗೆ ಕೊಳ್ಳುತ್ತಾಳೆ. ಒಂದು ಪಾಲಕ್, ಒಂದು ದಂಟು. ಮೊಲ ಹತ್ತಿರ ಬಂದು ಮೂಸುತ್ತದೆ, ಮೀಸೆ ಅಲ್ಲಾಡಿಸುತ್ತದೆ, ಹಿಂದಕ್ಕೆ ಸರಿದು ಗೋಡೆಯ ಮೂಲೆ ಹಿಡಿದು ಕೂರುತ್ತದೆ. ಮಧ್ಯಾಹ್ನದ ಹೊತ್ತಿಗೆ ಸೊಪ್ಪು ಬಾಡಿ ನೆಲಕ್ಕೆ ಅಂಟುತ್ತದೆ. ಸಂಜೆ ಶಾಲೆಯಿಂದ ಬಂದ ಹುಡುಗ ತನ್ನ ಪಾಲಿನ ಬಿಸ್ಕತ್ತು ಮುರಿದು ಹಿಡಿದನೋ, ಅದೇ ಮೊಲ ಓಡಿಬಂದು ಕುರುಂ ಕುರುಂ ಎಂದು ಮುಗಿಸಿಬಿಡುತ್ತದೆ. ಮೊಲ ಸೊಪ್ಪು ತಿನ್ನುವ ಪ್ರಾಣಿ ಎಂದು ಒಂದನೇ ತರಗತಿಯಲ್ಲೇ ಚಿತ್ರಸಹಿತ ಓದಿದವರಿಗೆ ಇದು ಅರ್ಥವಾಗುವುದಿಲ್ಲ.

ಅಲ್ಲಿಂದ ಮನೆಯಲ್ಲಿ ಪಂಚಾಯಿತಿ ಶುರು. ಕೊನೆಗೆ ತೀರ್ಪು ಕೊಡುವುದು ಅಜ್ಜಿ: ‘ಹಸಿವಾದರೆ ತಾನೇ ತಿನ್ನುತ್ತೆ ಬಿಡೋ. ಎರಡು ದಿನ ಬಿಸ್ಕತ್ತು ಗಿಸ್ಕತ್ತು ಏನೂ ಹಾಕಬೇಡ.’ ಅಜ್ಜಿಯ ಮಾತಿಗೆ ಎರಡು ತಲೆಮಾರು ಬೆಳೆಸಿದ ಅನುಭವದ ಬೆಂಬಲವಿದೆ. ಹಾಗಲಕಾಯಿ ಪಲ್ಯ ಒಲ್ಲೆನೆಂದು ತಟ್ಟೆ ತಳ್ಳಿದ ಮೊಮ್ಮಗ ರಾತ್ರಿ ಒಂಬತ್ತಕ್ಕೆ ತಾನಾಗಿ ಬಂದು ಅದೇ ಪಲ್ಯ ತಿಂದದ್ದನ್ನು ಆಕೆ ಕಂಡಿದ್ದಾಳೆ. ಮಕ್ಕಳಿಗೆ ಈ ಉಪಾಯ ಫಲಿಸುತ್ತದೆ, ನಾಯಿಗೂ ಹೆಚ್ಚುಕಡಿಮೆ ನಡೆಯುತ್ತದೆ. ಮೊಲಕ್ಕೆ ಮಾತ್ರ ನಡೆಯುವುದಿಲ್ಲ. ಎರಡು ದಿನ ಉಪವಾಸ ಬಿದ್ದ ಮೊಲ ಸೊಪ್ಪು ತಿನ್ನಲು ಕಲಿಯುವುದಿಲ್ಲ, ಸತ್ತೇಹೋಗಬಹುದು.

ಇದು ಹೆದರಿಸುವ ಮಾತಲ್ಲ. ಮೊಲದ ಹೊಟ್ಟೆಯ ವ್ಯವಸ್ಥೆಯೇ ಹಾಗಿದೆ. ಹಸುವಿನಂತೆ ಅದು ಮೆಲುಕು ಹಾಕುವುದಿಲ್ಲ. ಅದರ ಬದಲು, ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಕಡೆ ಒಂದು ದೊಡ್ಡ ಚೀಲವಿದೆ; ಜಠರಕ್ಕಿಂತ ಹಲವು ಪಟ್ಟು ದೊಡ್ಡದು. ಅದರೊಳಗೆ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಕುಳಿತು, ಹುಲ್ಲುಸೊಪ್ಪಿನಿಂದ ಮೊಲದ ಜಠರ ಹಿಂಡಲಾರದ ಸತ್ವವನ್ನು ಹುದುಗು ಬರಿಸಿ ತೆಗೆಯುತ್ತವೆ. ಹೀಗೆ ತಯಾರಾದದ್ದು ದ್ರಾಕ್ಷಿಗೊಂಚಲಿನಂಥ ಮೆತ್ತನೆಯ ಹಿಕ್ಕೆಯಾಗಿ, ಹೆಚ್ಚಾಗಿ ರಾತ್ರಿ ಅಥವಾ ನಸುಕಿನಲ್ಲಿ ಹೊರಬರುತ್ತದೆ. ಮೊಲ ಬಗ್ಗಿ ಅದನ್ನು ಬಾಯಿಂದಲೇ ನೇರವಾಗಿ ತೆಗೆದುಕೊಂಡು ನುಂಗುತ್ತದೆ. ಕಂಡವರು ಥೂ ಎನ್ನುತ್ತಾರೆ. ಆದರೆ ಅದರ ಪಾಲಿಗೆ ಅದು ಪ್ರೋಟೀನು, ಬಿ ಗುಂಪಿನ ಜೀವಸತ್ವಗಳು ತುಂಬಿದ ಎರಡನೆಯ ಊಟ. ಹಗಲು ಗೂಡಿನಲ್ಲಿ ಕಾಣುವ ಒಣ ಗುಂಡುಗುಂಡು ಹಿಕ್ಕೆ ಬೇರೆ.

ಈ ಗಿರಣಿ ನಿಲ್ಲದೆ ತಿರುಗಬೇಕಾದರೆ ಒರಟು ನಾರು ಮೇಲಿನಿಂದ ಬೀಳುತ್ತಲೇ ಇರಬೇಕು. ನಾರು ನಿಂತರೆ ಕರುಳಿನ ಚಲನೆ ಮಂದವಾಗುತ್ತದೆ, ವಾಯು ತುಂಬಿಕೊಳ್ಳುತ್ತದೆ, ನೋವು ಬರುತ್ತದೆ. ನೋವು ಬಂದ ಮೊಲ ಮುಂಚೆ ತಿನ್ನುತ್ತಿದ್ದುದನ್ನೂ ಬಿಡುತ್ತದೆ. ತಿನ್ನದ್ದಕ್ಕೆ ಕರುಳು ಇನ್ನಷ್ಟು ಮಂದ. ಕೊಬ್ಬಿದ ಮೊಲವಾದರೆ ಯಕೃತ್ತೂ ಕೆಡುತ್ತದೆ. ಆದ್ದರಿಂದಲೇ ಹನ್ನೆರಡು ಗಂಟೆಗಳ ಕಾಲ ಏನೂ ತಿನ್ನದ, ಹಿಕ್ಕೆ ಹಾಕದ ಮೊಲವನ್ನು ಅಂದೇ ಪಶುವೈದ್ಯರಿಗೆ ತೋರಿಸಬೇಕು. ನಾಳೆ ನೋಡೋಣ ಎನ್ನುವುದಕ್ಕೆ ಇದರಲ್ಲಿ ಅವಕಾಶವಿಲ್ಲ. ಇನ್ನೊಂದು ವಿಷಯ: ಮೊಲಕ್ಕೆ ವಾಂತಿ ಮಾಡುವ ಶಕ್ತಿಯಿಲ್ಲ. ನಾಯಿ ಬೆಕ್ಕುಗಳು ತಪ್ಪು ತಿಂದರೆ ಕಕ್ಕಿ ಹಗುರಾಗುತ್ತವೆ. ಮೊಲ ನುಂಗಿದ್ದು ನುಂಗಿದ್ದೇ. ಹೊಸ ಎಲೆಯನ್ನು ಕಂಡು ಅದು ಹಿಂದೆ ಸರಿದರೆ ಅದು ಕೊಬ್ಬಲ್ಲ, ಎಚ್ಚರ.

‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬ ನಮ್ಮ ಗಾದೆಯಲ್ಲಿಯೂ ಹಟ ಮೊಲದ್ದಲ್ಲ, ಹಿಡಿದವನದ್ದು.

ಹಾಗಾದರೆ ಮೊಲಕ್ಕೆ ಸೊಪ್ಪಿನ ಪರಿಚಯ ಯಾರು ಮಾಡಿಸಬೇಕು? ತಾಯಿ. ತಾಯಿಮೊಲ ಮರಿಗಳ ಬಳಿ ಹೆಚ್ಚು ಹೊತ್ತು ಇರುವ ಪೈಕಿಯಲ್ಲ. ದಿನಕ್ಕೊಮ್ಮೆ ಬಂದು ಮೂರು ನಾಲ್ಕು ನಿಮಿಷ ಹಾಲೂಡಿಸಿ ಹೊರಟುಬಿಡುತ್ತದೆ. ಆ ಚೂರು ಸಮಯದಲ್ಲೇ ಪಾಠ ಮುಗಿಯುತ್ತದೆ. ಬಿಲ್ಕೊ, ಆಲ್ಟ್‌ಬ್ಯಾಕರ್, ಹಡ್ಸನ್ ಎಂಬ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸ್ವಾರಸ್ಯವಾಗಿದೆ. ಅವರು ತಾಯಿಮೊಲಗಳಿಗೆ ಜುನಿಪರ್ ಎಂಬ ಘಾಟು ವಾಸನೆಯ ಪೊದೆಗಿಡದ ಕಾಯಿ ತಿನ್ನಿಸಿದರು. ಅವುಗಳ ಮರಿಗಳು ಹಾಲು ಬಿಟ್ಟ ಮೇಲೆ, ಎಂದೂ ಕಣ್ಣಾರೆ ಕಾಣದ ಆ ಜುನಿಪರನ್ನೇ ಇಷ್ಟಪಟ್ಟವು. ಗರ್ಭದಲ್ಲಿದ್ದಾಗ ಹತ್ತಿದ ವಾಸನೆ ಸಾಕು, ಹಾಲಿನಲ್ಲಿ ಬಂದ ವಾಸನೆಯೂ ಸಾಕು. ತಾಯಿ ಗೂಡಿನಲ್ಲಿ ಬಿಟ್ಟುಹೋದ ನಾಲ್ಕು ಹಿಕ್ಕೆಗಳ ವಾಸನೆಯಿಂದ ಕೂಡ ಮರಿ ಕಲಿಯಬಲ್ಲದು. ಈಗ ಅಂಗಡಿಯಿಂದ ಬಂದ ಮೊಲವನ್ನು ನೋಡಿ. ಅದರ ತಾಯಿ ತಂತಿಯ ಗೂಡಿನಲ್ಲಿ ಪೆಲೆಟ್ ಎಂಬ ಗುಳಿಗೆಯಂಥ ಸಿದ್ಧ ಆಹಾರ ತಿಂದೇ ಆಯಸ್ಸು ಕಳೆದಿದ್ದರೆ ಮರಿಗೆ ಕೊತ್ತಂಬರಿಯ ಗಂಧ ತಿಳಿದಿರುವುದಾದರೂ ಹೇಗೆ? ಅದಕ್ಕೆ ಗೊತ್ತಿರುವ ಊಟ ಹಿಟ್ಟಿನ ವಾಸನೆಯದು. ಬಿಸ್ಕತ್ತಿಗೆ ಓಡಿಬರುವುದು ಅದಕ್ಕೇ.

ಕ್ಯಾರೆಟ್ಟಿನ ವಿಷಯ ಇಲ್ಲೇ ಹೇಳಿಬಿಡುವುದು ಮೇಲು. ಮೊಲಕ್ಕೂ ಕ್ಯಾರೆಟ್ಟಿಗೂ ಗಂಟು ಬಿಗಿದದ್ದರಲ್ಲಿ ಸಿನಿಮಾದ ಪಾಲು ದೊಡ್ಡದು. 1940ರಿಂದ ಬಗ್ಸ್ ಬನ್ನಿ ಎಂಬ ಅಮೆರಿಕದ ಕಾರ್ಟೂನ್ ಮೊಲ ತೆರೆಯ ಮೇಲೆ ಅದನ್ನು ಕಡಿಯುತ್ತಲೇ ಬಂದಿದೆ. ಅದಕ್ಕೂ ಹಿಂದೆ, 1902ರಲ್ಲಿ ಅಚ್ಚಾದ ಬಿಯಾಟ್ರಿಕ್ಸ್ ಪಾಟರ್ ಅವರ ಮಕ್ಕಳ ಕಥೆಯ ಮೊಲ ಪೀಟರ್ ತೋಟಕ್ಕೆ ನುಗ್ಗಿ ತಿಂದದ್ದು ಲೆಟ್ಯೂಸ್, ಹುರುಳಿಕಾಯಿ, ಮೂಲಂಗಿ, ಕ್ಯಾರೆಟ್ಟಲ್ಲ. ಕ್ಯಾರೆಟ್ ಸಿಹಿ ಗೆಡ್ಡೆ. ಮೊಲಕ್ಕೆ ಅದು ಹಬ್ಬದ ಹೋಳಿಗೆ, ದಿನದ ಊಟವಲ್ಲ. ರೂಪಾಯಿ ಬಿಲ್ಲೆಯಷ್ಟು ಒಂದು ಚೂರು ಆಗಾಗ ಕೊಟ್ಟರೆ ಹೆಚ್ಚಾಯಿತು. ಅಂಗಡಿಯವರು ತಿರುಚಿ ಬುಟ್ಟಿಗೆಸೆಯುವ ಅದರ ಸೊಪ್ಪು ಗೆಡ್ಡೆಗಿಂತ ಒಳ್ಳೆಯದು. ಕೇಳಿದರೆ ಬಿಟ್ಟಿ ಕೊಡುತ್ತಾರೆ.

ಮನೆಗೆ ಬಂದ ಮೊಲದ ಊಟವನ್ನು ಮೊದಲ ವಾರ ಬದಲಿಸಲೇಬಾರದು. ಅಲ್ಲಿ ಏನು ತಿನ್ನುತ್ತಿತ್ತೆಂದು ಕೇಳಿಕೊಂಡು ಅದನ್ನೇ ಮುಂದುವರಿಸಬೇಕು, ಬಿಸ್ಕತ್ತು ಬ್ರೆಡ್ಡುಗಳನ್ನು ಬಿಟ್ಟು. ಆಮೇಲೆ ಸೊಪ್ಪಿಗಿಂತ ಮೊದಲು ಬರಬೇಕಾದದ್ದು ಹುಲ್ಲು. ಮೊಲದ ಹೊಟ್ಟೆಗೆ ಹುಲ್ಲೇ ಅನ್ನ, ಸೊಪ್ಪು ಪಲ್ಯ, ಪೆಲೆಟ್ ಉಪ್ಪಿನಕಾಯಿ. ನಮ್ಮ ಮನೆಗಳಲ್ಲಿ ಇದು ತಲೆಕೆಳಗಾಗಿರುವುದೇ ತೊಂದರೆ. ಟಿಮೋಥಿ ಎಂಬ ಹೊರದೇಶದ ಒಣಹುಲ್ಲು ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ಬೆಲೆ ಕೈ ಸುಡುತ್ತದೆ. ಗಣಪತಿಯ ಗರಿಕೆ ಇದ್ದೇ ಇದೆ. ನಾಯಿ ಓಡಾಡದ, ಔಷಧಿ ಹೊಡೆಯದ ಜಾಗದ ಗರಿಕೆಯನ್ನು ಕೊಯ್ದು ತೊಳೆದು ಕೊಡಬಹುದು, ನೆರಳಲ್ಲಿ ಒಣಗಿಸಿಯೂ ಇಡಬಹುದು. ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ. ಅದು ಹಾಸಿಗೆಗೆ ಸರಿ. ಹುಲ್ಲು ಅಗಿಯುವುದರಲ್ಲಿ ಇನ್ನೂ ಒಂದು ಲಾಭವಿದೆ. ಮೊಲದ ಹಲ್ಲುಗಳು ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲಂತೂ ವಾರಕ್ಕೆ 2 ಮಿಲಿಮೀಟರಿನಷ್ಟು ಬೆಳೆಯುತ್ತದೆ. ದವಡೆ ಆಡಿಸಿ ಅಗಿದರೆ ಹಲ್ಲು ಸವೆಯುತ್ತದೆ, ಪೆಲೆಟ್ಟಿಗೆ ಅಷ್ಟು ಅಗಿತ ಬೇಕಿಲ್ಲ.

ಹುಲ್ಲು ಹಿಡಿಸಿದ ಮೇಲೆ ಪೆಲೆಟನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಬೆಳೆದ ಮೊಲಕ್ಕೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 25 ಗ್ರಾಂ ಮೀರದಿದ್ದರೆ ಸರಿ. ಬಟ್ಟಲು ಸದಾ ತುಂಬಿದ್ದರೆ ಯಾವ ಮೊಲವೂ ಸೊಪ್ಪಿನ ಕಡೆ ತಿರುಗಿ ನೋಡುವುದಿಲ್ಲ. ಸೊಪ್ಪು ಕೊಡಲು ಹೊತ್ತು ನಸುಕು, ಇಲ್ಲವೇ ಮುಸ್ಸಂಜೆ. ಮೊಲ ಚುರುಕಾಗುವುದೇ ಆಗ. ನಡುಹಗಲಲ್ಲಿ ನಿದ್ದೆಗಣ್ಣಿನ ಪ್ರಾಣಿಯ ಮುಂದೆ ಸೊಪ್ಪು ಹಿಡಿದು, ತಿನ್ನಲಿಲ್ಲವೆಂದು ದೂರಿದರೆ ಏನು ಪ್ರಯೋಜನ? ಮೊದಲಿಗೆ ಪರಿಮಳದ ಸೊಪ್ಪು ಒಳ್ಳೆಯದು: ಕೊತ್ತಂಬರಿ, ಸಬ್ಬಸಿಗೆ, ಪುದೀನ. ಒಂದು ಸಲಕ್ಕೆ ಒಂದೇ ಬಗೆ, ಹೆಬ್ಬೆರಳಿನಷ್ಟು ಎಲೆ. ಅದನ್ನು ಬೆರಳಲ್ಲಿ ಸ್ವಲ್ಪ ಹಿಸುಕಿದರೆ ಗಂಧ ಏಳುತ್ತದೆ. ಮೊಲಕ್ಕೆ ಕಣ್ಣು ತಲೆಯ ಎರಡು ಪಕ್ಕಕ್ಕಿರುವುದರಿಂದ ಹಿಂದಿನಿಂದ ಬರುವ ನಾಯಿ ಕಾಣುತ್ತದೆ, ಮೂಗಿನ ಕೆಳಗಿನ ಎಲೆ ಕಾಣುವುದಿಲ್ಲ. ತುಟಿ, ಮೀಸೆ, ಮೂಗುಗಳೇ ಅದಕ್ಕೆ ಆ ಜಾಗದ ಕಣ್ಣು.

ಮೂಸಿ ಬಿಟ್ಟರೆ ಬಿಡಲಿ. ಬಾಯಿಗೆ ತುರುಕುವುದು, ಹಿಡಿದು ಅಮುಕುವುದು ಬೇಡ. ಹೆದರಿದ ಮೊಲ ಆ ಸೊಪ್ಪನ್ನು ಮಾತ್ರವಲ್ಲ, ಹಿಡಿದ ಕೈಯನ್ನೂ ನೆನಪಿಡುತ್ತದೆ. ಮಾರನೆಯ ದಿನ ಅದೇ ಸೊಪ್ಪನ್ನು ಹುಲ್ಲಿನ ಕಂತೆಯ ನಡುವೆ ಸಿಕ್ಕಿಸಿಡಬಹುದು. ಗೂಡಿನ ಬಾಗಿಲಿಗೆ ತೋರಣದಂತೆ ಕಟ್ಟಿದರೆ ಕೆಲವು ಮೊಲಗಳು ಹಿಂಗಾಲ ಮೇಲೆ ನಿಂತು ಎಳೆದಾಡುತ್ತವೆ. ಆಟದಲ್ಲಿ ಒಂದು ಚೂರು ಹೊಟ್ಟೆಗೆ ಹೋಗುತ್ತದೆ. ಎಲೆಗೆ ಬಾಳೆಹಣ್ಣಿನ ತಿರುಳನ್ನು ಕುಂಕುಮವಿಟ್ಟಷ್ಟು ಸವರುವುದೂ ಉಂಟು. ಸೊಪ್ಪು ತಿನ್ನುವ ಇನ್ನೊಂದು ಮೊಲ ಜೊತೆಗಿದ್ದರಂತೂ ಅರ್ಧ ಕೆಲಸ ಮುಗಿದಂತೆ. ಹತ್ತು ದಿನ, ಹದಿನೈದು ದಿನ ಹಿಡಿಯಬಹುದು. ತಿಂದ ದಿನದಿಂದ ಎರಡು ದಿನ ಹಿಕ್ಕೆಯ ಮೇಲೆ ಕಣ್ಣಿಟ್ಟಿರಬೇಕು. ಗುಂಡಗೆ, ಒಣಗಿದ್ದು, ಎಂದಿನಷ್ಟೇ ಇದ್ದರೆ ಎಲೆ ಹೊಟ್ಟೆಗೆ ಹಿಡಿಸಿದೆ ಎಂದರ್ಥ. ಇನ್ನು ಸ್ವಲ್ಪ ಹೆಚ್ಚಿಸಬಹುದು. ಮೆತ್ತಗಾದರೆ ಆ ಸೊಪ್ಪು ಸದ್ಯಕ್ಕೆ ನಿಲ್ಲಲಿ.

ಯಾವ ಸೊಪ್ಪು? ನಮ್ಮವರು ಮೊದಲು ಕೊಳ್ಳುವ ಪಾಲಕ್, ದಂಟು, ಹರಿವೆಗಳಲ್ಲಿ ಆಕ್ಸಲೇಟ್ ಎಂಬ ಅಂಶ ಜಾಸ್ತಿ. ವಾರಕ್ಕೊಂದೆರಡು ಸಲ ನಾಲ್ಕು ಎಲೆ ಸಾಕು. ಮೂಲಂಗಿ ಸೊಪ್ಪು, ಕ್ಯಾರೆಟ್ ಸೊಪ್ಪು, ಕೊತ್ತಂಬರಿಗಳನ್ನು ಸರದಿಯ ಮೇಲೆ ಕೊಡಬಹುದು. ರೇಷ್ಮೆ ಸೀಮೆಯವರಿಗೆ ಹಿಪ್ಪುನೇರಳೆ ಎಲೆ ಹಿತ್ತಲಲ್ಲೇ ಉಂಟು, ಔಷಧಿ ಹೊಡೆದಿರಬಾರದು ಅಷ್ಟೆ. ಕುದುರೆ ಮಸಾಲೆ ಸೊಪ್ಪನ್ನು ಮೊಲಗಳು ಮುಗಿಬಿದ್ದು ತಿನ್ನುತ್ತವೆ. ಆದರೆ ಅದರಲ್ಲಿ ಸುಣ್ಣದ ಅಂಶ ಹೆಚ್ಚು. ಮೊಲದ ಮೈ ಊಟದಲ್ಲಿನ ಸುಣ್ಣವನ್ನು ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಹೀರಿಕೊಂಡು, ಮಿಕ್ಕಿದ್ದನ್ನು ಮೂತ್ರದಲ್ಲಿ ಬಿಡುತ್ತದೆ. ಮೂತ್ರ ಕೆಲವೊಮ್ಮೆ ಸುಣ್ಣದ ತಿಳಿಯಂತೆ ಕಾಣುವುದು ಅದಕ್ಕೇ. ಬೆಳೆಯುವ ಮರಿಗೆ ಆ ಸೊಪ್ಪು ಸರಿ, ದೊಡ್ಡದಕ್ಕೆ ದಿನಾ ಬೇಡ. ಈರುಳ್ಳಿ, ಬೆಳ್ಳುಳ್ಳಿ, ಅವುಗಳ ಎಲೆ, ಆಲೂಗಡ್ಡೆ ಮತ್ತು ಟೊಮೆಟೊ ಗಿಡದ ಎಲೆ, ಬೆಣ್ಣೆಹಣ್ಣು, ಕೆಸುವು, ಕಣಗಿಲೆ, ಎಕ್ಕ, ಬೇಲಿಯ ಲಂಟಾನ ಇವುಗಳಿಂದ ದೂರವಿಡಬೇಕು. ಪೇಟೆಯ ಸೊಪ್ಪನ್ನು ನೀರಲ್ಲಿ ನೆನೆಹಾಕಿ, ಎರಡು ಮೂರು ಸಲ ತೊಳೆದು, ನೀರು ಸೋರಿದ ಮೇಲೆ ಕೊಡಬೇಕು. ಬೆಳಿಗ್ಗೆ ಉಳಿದದ್ದನ್ನು ತೆಗೆದುಹಾಕಬೇಕು.

ಎಲ್ಲ ಒಲ್ಲದಿಕೆಯೂ ರುಚಿಯ ಪ್ರಶ್ನೆಯಲ್ಲ. ಮೊಲ ಆಸೆಯಿಂದ ಬಂದು ಎಲೆ ಕಚ್ಚಿ, ಅರ್ಧಕ್ಕೇ ಉದುರಿಸಿ ಹಿಂದೆ ಸರಿಯುತ್ತದೆಯೇ? ಗದ್ದದ ಕೆಳಗಿನ ಕೂದಲು ಜೊಲ್ಲಿನಿಂದ ಒದ್ದೆಯಾಗಿದೆಯೇ? ಮೆತ್ತಗಿನದನ್ನು ಮಾತ್ರ ತಿಂದು ಹುಲ್ಲು ಬಿಡುತ್ತಿದೆಯೇ? ಹಾಗಿದ್ದರೆ ಕೊರೆ ಇರುವುದು ಹಲ್ಲಿನಲ್ಲಿ. ದವಡೆಹಲ್ಲು ಓರೆಯಾಗಿ ಬೆಳೆದು ನಾಲಿಗೆಗೋ ಕೆನ್ನೆಗೋ ಚುಚ್ಚುತ್ತಿರಬಹುದು. ಸೊಪ್ಪು ಬದಲಿಸಿ ಪ್ರಯೋಜನವಿಲ್ಲ, ವೈದ್ಯರೇ ನೋಡಬೇಕು. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲೂ ಮೊಲ ಊಟ ಕಡಿಮೆ ಮಾಡುತ್ತದೆ. ಬೆವರಲು ಬಾರದ ಪ್ರಾಣಿ, ಶೀಟಿನ ಮಾಡಿನ ಕೆಳಗಿಟ್ಟರೆ ಬೇಯುತ್ತದೆ. ತಣ್ಣನೆಯ ನೆಲ, ಗಾಳಿ, ನೀರು ಮೊದಲಾಗಬೇಕು. ಮೊಲ ಮಂಕಾಗಿದೆಯೆಂದು ಮನೆಯ ಡಬ್ಬಿಯಿಂದ ಉಳಿದ ಆಂಟಿಬಯಾಟಿಕ್ ಮಾತ್ರೆ ತೆಗೆದು ಚೂರು ಕೊಡುವ ಧೈರ್ಯ ಮಾತ್ರ ಯಾರೂ ಮಾಡಬಾರದು. ಅಮಾಕ್ಸಿಸಿಲಿನ್‌ನಂಥ, ನಮಗೆ ಮಾಮೂಲಾದ ಔಷಧಿ ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳೆಲ್ಲ ಸತ್ತು ಪ್ರಾಣಕ್ಕೇ ಬರಬಹುದು.

ಹೊಲದ ಬದುವಿನಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ಮನೆಗೆ ತಂದು ಸೊಪ್ಪು ತಿನ್ನಿಸಲು ಹೆಣಗುವವರೂ ಇದ್ದಾರೆ. ಅದು ಬೇರೆಯೇ ಜಾತಿ. ಗೂಡಿನ ಮೊಲದ ಹಿರಿಯರು ಸ್ಪೇನ್, ಪೋರ್ಚುಗಲ್ ಕಡೆಯವರು. ನೂರಾರು ವರ್ಷ ಮನುಷ್ಯರ ಜೊತೆ ಪಳಗಿದವರು. ನಮ್ಮ ಕಾಡುಮೊಲ ಪಳಗಿದ್ದಲ್ಲ, 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅದನ್ನು ಹಿಡಿದು ಸಾಕುವುದು ಅಪರಾಧ ಕೂಡ. ಕಾಡುಮೊಲದ ತಾಯಿಯೂ ಮರಿಯ ಬಳಿ ಇಡೀ ದಿನ ಇರುವುದಿಲ್ಲ. ಒಂಟಿಯಾಗಿ ಕುಳಿತ ಮರಿ ಅನಾಥವಲ್ಲ, ಅದನ್ನು ಇದ್ದಲ್ಲೇ ಬಿಡಬೇಕು.

ಎಲ್ಲ ಮಾಡಿದರೂ ಒಂದಿಲ್ಲೊಂದು ಸೊಪ್ಪನ್ನು ಎಂದೆಂದಿಗೂ ಮುಟ್ಟದ ಮೊಲಗಳಿರುತ್ತವೆ. ಹೊಟ್ಟೆ ತುಂಬ ಹುಲ್ಲು ತಿನ್ನುತ್ತ, ಬೆಳಿಗ್ಗೆ ಗೂಡಿನ ತುಂಬ ಗುಂಡು ಹಿಕ್ಕೆ ಉದುರಿಸುತ್ತಿದ್ದರೆ ಅದಕ್ಕಾಗಿ ಮನೆಯವರು ಚಿಂತಿಸಬೇಕಾಗಿಲ್ಲ. ಕೊತ್ತಂಬರಿ ಅದರ ಪಾಲಿಗಿರಲಿ. ಅದು ಒಲ್ಲದ ಪಾಲಕ್ ರಾತ್ರಿಯ ಸಾರಿಗಾಗುತ್ತದೆ.